ಸೀದಾ

ಮೋಟಾರಿನ ಹೊಟ್ಟೆಯಿಂದ ಒಂದು ಎಣ್ಣೆಹನಿ ಕೆಮ್ಮಣ್ಣಿಗೆ ಬಿತ್ತು, ಇನ್ನೊಂದು ಬೀಳುತ್ತದೆ, ಇದೇ ಎತ್ತಾಗಿದ್ದರೆ ಸಗಣಿ ನೋಡಿ ಹೇಳಿಬಿಡುತ್ತಿದ್ದ ಹಾವಗೆಪ್ಪ, ಹುರುಪಿದೆಯೋ ಪುಕ್ಕಲೋ ಎಂದು, ಕಿವಿ ನೋಡಿ, ಬಾಲ ನೋಡಿ, ಮೂವತ್ತು ವರ್ಷ ಬೀದರಿನ ಗಾಡಿ ಶರ್ಯತ್ತಿನಲ್ಲಿ ಅವನ ಬಾಯಿಂದ ಬಂದದ್ದು ಸುಳ್ಳಾಗಿಲ್ಲ, ಕಿವಿ ಬಾಲ ಒಂದೂ ಇಲ್ಲದ ಈ ಕಬ್ಬಿಣದ ಮುಸುಡಿ ನೋಡಿ ಏನು ತಲೆ ಹೇಳುವುದು — ಯಾವ್ದು ಗೆಲ್ತದ ಹೇಳ್ರಿ ಕಾಕಾ, ಪಕ್ಕದಂಗಡಿಯ ಫಕ್ರೋದ್ದೀನ ಬೆಳಗಿನಿಂದ ಬೆನ್ನು ಬಿಟ್ಟಿಲ್ಲ, ಕೋಟೆ ಬಾಗಿಲ ಮುಂದೆ ಸುಣ್ಣದ ಗೆರೆ, ಗೆರೆಗೆ ಮೂರು ಮೋಟಾರು, ಇಲ್ಲಿಂದ ಭಾಲ್ಕಿ, ಭಾಲ್ಕಿಯಿಂದ ಔರಾದ, ಗೆರೆಯ ಮುಂಸಾಲಿನಲ್ಲಿ ಎಡಕ್ಕೆ ಜಾಗೀರದಾರರ ದೊಡ್ಡ ಹಸಿರು ಮೋಟಾರು, ಬಲಕ್ಕೆ ಯಾವನೋ ಗೋರಾ ಸಾಹೇಬನ ಕರಿಯದು, ಹಿಂದೆ ಒಂಟಿಯಾಗಿ ಕೆಂಪು ಮೋಟಾರು, ನಡೆಸುವವನು ಹೈದರಾಬಾದಿನ ಮಕ್ಬೂಲ, ಅವನ ಮಗ್ಗುಲಲ್ಲಿ ತಲೆ ತಗ್ಗಿಸಿ ಎಣ್ಣೆ ಪಂಪು ಒತ್ತಲು ಕುಳಿತಿರುವುದು ತನ್ನ ಅಳಿಯ ಕಾಶೀರಾಮ, ಎಕಂಬಾದವನು, ಈ ಭಾಲ್ಕಿ ದಾರಿಯನ್ನು ಕಂಡವನೇ ಅಲ್ಲ, ಮನೆಯಲ್ಲಿ ಮಗಳು ಈರಮ್ಮ ಆರು ತಿಂಗಳ ಬಸುರಿ, ಬ್ಯಾಡ ಅನ್ರಿ ಅಪ್ಪಾ, ನಿಮ್ಮ ಮಾತು ಮೀರಂಗಿಲ್ಲ ಅವರು, ಅಂದಿದ್ದಳು, ಅವನು ನಕ್ಕಿದ್ದ, ಹುಚ್ಚಿ, ನಾ ದಾರಿ ಹೇಳಿ ಕಳಸ್ತೇನಿ ಬಿಡವ್ವಾ. ಹೇಳಿಯೂ ಇದ್ದ.

ನೋಡು ಫಕ್ರೋದ್ದೀನ, ಎನ್ನುತ್ತಾನೆ, ಹಸರು ಗಾಡಿ ಮೊದಲ ಹಾರ್ತದ, ಕರೀದು ಅದರ ಬೆನ್ನಿಗೇ ಹೋಗ್ತದ, ನಮ್ಮದು ಅವೆರಡರ ಧೂಳಾ ತಿಂತದ, ತಿನ್ನಲಿ, ಹೊಳಿ ದಾಟಿದ ಮ್ಯಾಲ ಎರಡು ಬೇವಿನ ಗಿಡದ ಹತ್ರ ದಾರಿ ಒಡೀತದಲ್ಲಾ, ಅಲ್ಲಿ ಅವರಿಬ್ಬರೂ ಯಾವ ದಾರಿ ಅಂತ ಹುಡುಕ್ಕೋತ ಮೆತ್ತಗಾಗ್ತಾರ, ಮಕ್ಬೂಲ ಆಗಂಗಿಲ್ಲ, ಕಣ್ಣ ಮುಚ್ಚಿ ಹೋಗ್ತಾನ, ಭಾಲ್ಕಿಗಿ ಅವನೇ ಮೊದಲ — ಹೇಳುತ್ತ ಹೇಳುತ್ತ ಮುಂಜಾನೆಯದು ಕಣ್ಣಿಗೆ ಬರುತ್ತದೆ, ತನ್ನ ಹರಕು ದಖನಿಯಲ್ಲಿ ಮಕ್ಬೂಲನಿಗೆ ಎಷ್ಟು ಜಂಬದಿಂದ ಹೇಳಿದ್ದ, ನೀಮ್ ಕೇ ಝಾಡಾಂ ಆಯೇ ತೋ ಸೀದಾ, ಬೇವಿನ ಗಿಡ ಬಂದ್ರ ಸೀದಾ, ಮತ್ತೆಲ್ಲೂ ನೋಡಬ್ಯಾಡ, ಸೀದೇ ಕು? ಅಂದ ಮಕ್ಬೂಲ ಬಲಗೈ ಎತ್ತಿ, ಹಾಂ ಹಾಂ ಸೀದೇ, ಸಲಾಮು ಮಾಡಿದನೆಂದು ತಾನೂ ಕೈ ಎತ್ತಿದ್ದ.

ಸೀದೇ ಹಾತ್ ಕು ಹಟೋ, ಸೀದೇ ಹಾತ್ ಕು! ಪೊಲೀಸಿನವನು ಜನರನ್ನು ಹಗ್ಗದ ಹಿಂದೆ ನೂಕುತ್ತಾನೆ, ಫಕ್ರೋದ್ದೀನ ಬಲಕ್ಕೆ ಸರಿದ, ಬುಟ್ಟಿ ಹೊತ್ತ ಬಿಸ್ಮಿಲ್ಲಾಬೀ ಬಲಕ್ಕೆ ಸರಿದಳು, ಹಾವಗೆಪ್ಪನೂ ಸರಿದ, ಸರಿದವನು ತನ್ನ ಕಾಲನ್ನೇ ನೋಡಿಕೊಂಡ — ಬಲಕ್ಕೆ, ನಮ್ಮ ಬಾಯಲ್ಲಿ ಸೀದಾ ಎಂದರೆ ನೆಟ್ಟಗೆ, ಅವರ ಬಾಯಲ್ಲಿ ಸೀದಾ ಕೈ ಎಂದರೆ ಬಲಗೈ, ಹುಟ್ಟಿದಾಗಿನಿಂದ ಕೇಳಿದ ಮಾತು, ದಿನಾ ಸಂತೆಯಲ್ಲಿ ಕೇಳುವ ಮಾತು, ಅದು ಸಲಾಮಲ್ಲ, ಅವನು ಬಲಗೈ ತೋರಿಸಿ ಕೇಳಿದ್ದ, ತಾನು ಹಾಂ ಅಂದಿದ್ದ, ಬೇವಿನ ಗಿಡದ ಬಲಕ್ಕೆ ಏನಿದೆ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಖಣಿ, ನಾಲ್ಕಾಳು ಆಳ, ಒಂದು ಶರ್ಯತ್ತಿನಲ್ಲಿ ಭಾತಂಬ್ರಾದ ಜೋಡಿ ದಾರಿ ತಪ್ಪಿ ಅದರ ಅಂಚಿಗೆ ಬಂದು ಕಾಲೂರಿ ನಿಂತುಬಿಟ್ಟಿತ್ತು, ಬಾರುಕೋಲು ಮುರಿದರೂ ಹೆಜ್ಜೆ ಎತ್ತಲಿಲ್ಲ, ಎತ್ತಿಗೆ ಗೊತ್ತಾಗುತ್ತದೆ, ಮೋಟಾರಿಗೆ ಏನು ಗೊತ್ತಾಗುತ್ತದೆ — ಕಾಶೀರಾಮಾ! ಹಗ್ಗ ಎದೆಗೆ ಬಿಗಿಯಿತು, ಪೊಲೀಸಿನವನ ಲಾಠಿ ಅಡ್ಡ ಬಂತು, ಯಾಕ ಕಾಕಾ, ಏನಾತ್ರಿ, ಬಾಯಿಂದ ಬರುವುದು ಬರೀ ಸೀದಾ ಸೀದಾ, ಆ ಸೀದಾ ಅಲ್ಲೋ, ಮೂರೂ ಮೋಟಾರು ಒಮ್ಮೆಲೇ ಗುಡುಗುತ್ತವೆ, ತನ್ನ ಕೂಗು ತನಗೇ ಕೇಳುತ್ತಿಲ್ಲ, ಅಳಿಯನ ತಲೆ ತಗ್ಗಿಯೇ ಇದೆ, ನಿಶಾನೆ ಬೀಳುತ್ತದೆ, ಬ್ಯಾಡ ಬ್ಯಾಡ ಎಂದು ಕೈ ಎತ್ತಿ ಬೀಸಿದ, ಮಕ್ಬೂಲ ಕಂಡ, ನಕ್ಕ, ನೆನಪದ ಚಾಚಾ ಎನ್ನುವಂತೆ ಬಲಗೈ ಎತ್ತಿ ತೋರಿಸಿದ, ಧೂಳು ಎದ್ದಿತು, ಗಾಲಿ ಹೋಯಿತು, ಕಾಶೀರಾಮನ ರುಮಾಲು ಹೋಯಿತು, ಕುದುರೆ ಅಟ್ಟಲೇ, ಯಾವ ಕುದುರೆ ಹಿಡಿದೀತು, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಹಸಿರು ಮೊದಲು, ಕರಿಯದು ಅದರ ಬೆನ್ನಿಗೆ, ತಾನು ಹೇಳಿದ ಹಾಗೆಯೇ ನಡೆಯುತ್ತಿದೆಯಲ್ಲ, ಮೂವತ್ತು ವರ್ಷ ಸುಳ್ಳಾಗದ ಬಾಯಿ ಇವತ್ತೊಂದು ದಿನ ಸುಳ್ಳಾಗಲಿ ಬಸವಣ್ಣಾ, ಈರಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ, ಯಾರು ಗೆದ್ರು ಅಪ್ಪಾ ಅಂತಾಳೆ, ಹೊಳೆ, ಎರಡು ಬೇವಿನ ಗಿಡ, ಧೂಳು, ಧೂಳಿನ ಮೇಲೆ ಬಲಗೈ, ಬರೀ ಧೂಳು, ಎತ್ತಿದ ಬಲಗೈ, ಆ ಬಲಗೈ —