ಅಕ್ಕ ಹುಡುಕಿ ಹೋದ ಹೂ

ಬೇಸಿಗೆ ಶುರುವಾದಂದಿನಿಂದ ಮಧ್ಯಾಹ್ನದ ಹೊತ್ತು ಅಕ್ಕನ ಕೋಣೆಯಲ್ಲಿ ‘ಟಕ್’ ಎಂದು ಸದ್ದಾಗುತ್ತಿತ್ತು.

“ಬಂದ್ಲು ನೋಡು,” ಎಂದು ಅಮ್ಮ ಕೆಲಸ ಬಿಟ್ಟು ಮುಚ್ಚಿದ ಬಾಗಿಲಿಗೆ ಕಿವಿಗೊಡುತ್ತಿದ್ದಳು. ಅಕ್ಕ ಒಣಬೆಟ್ಟದ ತಪ್ಪಲಲ್ಲಿ ಜಾರಿಬಿದ್ದು ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಕೊನೆಗೊಂದು ದಿನ ತಂಗಿ ಎದೆ ಗಟ್ಟಿಮಾಡಿಕೊಂಡು ಒಳಗೆ ಹೋದಳು. ಮೇಜಿನ ಮೇಲೊಂದು ಕಾಗದದ ಚೀಲ. ಒಳಗಿನ ಒಣಕಾಯಿಗಳು ಬಿಸಿಲ ಕಾವಿಗೆ ತಿರುಚಿಕೊಂಡು ‘ಟಕ್’ ಎಂದು ಸಿಡಿಯುತ್ತಿದ್ದವು. ಚೀಲದ ಮೇಲೆ ಅಕ್ಕನ ಕಾಗೆಕಾಲು ಅಕ್ಷರ: ‘ಬಟಾಣಿ ಕುಟುಂಬ. ಹೂ ಸಿಗಲಿಲ್ಲ. ಮತ್ತೆ ಹೋಗಬೇಕು.’ ಹಾಗೆ ಹೋದವಳೇ ಹಿಂದಿರುಗಿರಲಿಲ್ಲ.

ಸದ್ದು ಯಾವುದರದ್ದೆಂದು ಹೇಳಿದರೂ ಅಮ್ಮ ನಂಬಲಿಲ್ಲ. ತಂಗಿಯೂ ಅಕ್ಕ ಕೆಲಸಕ್ಕಿದ್ದ ಸಸ್ಯ ಸಂಗ್ರಹಾಲಯದಲ್ಲೇ ಒಣಗಿಡಗಳನ್ನು ಹಾಳೆಗೆ ಅಂಟಿಸುವವಳು. ಆ ಹೂವನ್ನು ತಾನೇ ಹುಡುಕಲೆಂದು ಎರಡು ದಿನ ರಜೆ ಹಾಕಿ, ಚೀಲದಿಂದೊಂದು ಕಾಯಿ ತೆಗೆದುಕೊಂಡು ಬೆಟ್ಟದ ಬಸ್ಸು ಹತ್ತಿದಳು.

ತಪ್ಪಲಲ್ಲಿ ಮೇಕೆ ಕಾಯುತ್ತಿದ್ದ ಹೆಂಗಸು ಅವಳನ್ನು ಕಂಡದ್ದೇ ತಡ, ಕೈಯ ಕೋಲು ಬಿಟ್ಟಳು.

“ನಿಮ್ಮನ್ನ ಹೊತ್ಕೊಂಡು ಹೋದ್ರಲ್ಲಮ್ಮಾ!”

“ಅದು ನಮ್ಮಕ್ಕ. ನೋಡೋಕೆ ಇಬ್ರೂ ಒಂದೇ ಥರ.”

ಆ ಹೆಂಗಸು ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಕಾಯಿ ತೋರಿಸಿದಾಗ ಕಡಿದಾದ ಏರಿಗೆ ಕರೆದೊಯ್ದಳು.

ಬಂಡೆಯ ಸಂದಿನಲ್ಲಿ ಹೂವಿತ್ತು. ಹಳದಿ ಬಣ್ಣ, ಮೇಲೆ ಕೆಂಪು ಗೀರಿನ ದೊಡ್ಡ ದಳ, ಪಕ್ಕಕ್ಕೆರಡು ರೆಕ್ಕೆ, ಕೆಳಗೆ ದೋಣಿಯಂತೆ ಕೂಡಿದ ದಳಗಳು. ತಂಗಿ ದೋಣಿ ಬಿಡಿಸಿ ಮಸೂರದಡಿ ಎಣಿಸಿದಳು: ಒಂಬತ್ತು ಕೇಸರ ಒಂದಾಗಿ, ಹತ್ತನೆಯದು ಬೇರೆ. ಎಲೆಯ ಅಡಿಯಲ್ಲಿ ಸಣ್ಣ ಚುಕ್ಕೆಗಳು, ಕಾಯಿಗೆ ಎರಡೇ ಬೀಜ. ಕೈಪುಸ್ತಕ ತೆರೆದಳು, ಗುರುತು ಸಿಕ್ಕಿತು. ಅಪರೂಪದ್ದೇನಲ್ಲ, ನೂರು ವರ್ಷದ ಹಿಂದೆಯೇ ಹೆಸರಿಟ್ಟ ಗಿಡ.

“ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು,” ಎಂದವಳಿಗೆ ಅಳು ಉಕ್ಕಿತು. “ಇಷ್ಟಕ್ಕೇನೇ ಅಕ್ಕ?”

“ಅವ್ರ ಕೈಲೂ ಇದೇ ಹೂ ಇತ್ತು,” ಎಂದಳು ಮೇಕೆಯವಳು. “ಬಿದ್ದಾಗ ಓಡಿ ಬಂದೆ. ತಲೆ ತೊಡೆ ಮೇಲಿಟ್ಕೊಂಡೆ. ‘ಸಿಕ್ತು’ ಅಂದ್ರು. ಅಷ್ಟೇ. ಆಮೇಲೆ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ.”

ಮರುದಿನ ಮನೆಯಲ್ಲಿ ತಂಗಿ ಎಲ್ಲವನ್ನೂ ಹೇಳಿದಳು. ಅಮ್ಮ ಹೂವಿನ ಬಗ್ಗೆ ಏನನ್ನೂ ಕೇಳಲಿಲ್ಲ.

“ಆ ಹೆಂಗಸು ಕೊನೇವರೆಗೂ ಇದ್ಲಾ?”

“ಇದ್ಲಂತೆ.”

“ಹಾಗಾದ್ರೆ ನಿನ್ನಕ್ಕ ಒಬ್ಬಳೇ ಇರ್ಲಿಲ್ಲ,” ಎಂದಳು ಅಮ್ಮ. “ನನ್ನನ್ನೂ ಒಂದ್ಸಲ ಆ ಹೆಂಗಸಿನ ಹತ್ರ ಕರ್ಕೊಂಡು ಹೋಗು.”