ತೊಳೆದಿಟ್ಟ ಮತಗಳು

ಸೇವಾ ಸಂಘದ ಚುನಾವಣೆಗೆ ಮತಪೆಟ್ಟಿಗೆ ಎನ್ನುವುದು ಎಂದೂ ಇರಲಿಲ್ಲ. ಮೊದಲ ವರ್ಷ ಪೆಟ್ಟಿಗೆ ತರಲು ಎಲ್ಲರೂ ಮರೆತಾಗ, ಫೋಟೋ ಸ್ಟುಡಿಯೋದ ಯಜಮಾನರು, "ಟೀ ಕುಡಿದ ಕಪ್ಪನ್ನ ನಿಮಗೆ ಬೇಕಾದವರ ಮುಂದೆ ಇಡಿ, ಮುಗೀತು" ಅಂದಿದ್ದರು. ಅದೇ ಪದ್ಧತಿಯಾಯಿತು. ಅದಕ್ಕೊಂದು ಬಾಲವನ್ನೂ ಅವರೇ ಸೇರಿಸಿದ್ದರು: ಚುನಾವಣೆಗೆ ನಿಂತವರು ತಮ್ಮ ಕಪ್ಪನ್ನು ಎದುರಾಳಿಯ ಮುಂದೆಯೇ ಇಡಬೇಕು. "ನಾವೇನು ರಾಜ್ಯ ಆಳೋಕೆ ಹೊರಟಿದ್ದೀವಾ?" ಎಂದು ನಗುತ್ತಿದ್ದರು.

ಆ ನಗು ನಿಂತು ಮೂರು ವರ್ಷವಾಗಿತ್ತು. ಅವರ ಹೆಂಡತಿ, ಊರೆಲ್ಲ ಸಿಸ್ಟರಕ್ಕ ಎಂದು ಕರೆಯುವ ನಿವೃತ್ತ ನರ್ಸ್, ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಕುರ್ಚಿಯ ಆಸೆಗಲ್ಲ, ಸಂಘದ ಹಿಂದಿನ ಕೋಣೆಯನ್ನು ಉಳಿಸಿಕೊಳ್ಳಲು. ಗಂಡ ಹೆಂಡತಿ ಸೇರಿ ಕೂಡಿಸಿದ ಗಾಲಿಕುರ್ಚಿ, ಊರುಗೋಲು, ತಲೆಯ ಕಡೆ ಎತ್ತಿ ನಿಲ್ಲಿಸುವ ಮಂಚ ಎಲ್ಲ ಅಲ್ಲಿದ್ದವು. ಕೇಳಿದವರಿಗೆ ಯಜಮಾನರ ಉತ್ತರ ಒಂದೇ: "ತಗೊಂಡು ಹೋಗಿ, ವಾಸಿಯಾದ ಮೇಲೆ ತಂದಿಡಿ." ಕೊನೆಗೆ ಅವರೇ ಆ ಮಂಚದಲ್ಲಿ ಮಲಗಿದರು. ಮಂಚ ವಾಪಸು ಬಂತು, ಅವರು ಬರಲಿಲ್ಲ.

ಎದುರಾಳಿ ಔಷಧಿ ಅಂಗಡಿಯ ಅಳಿಯ. ಮಾವನ ಅಂಗಡಿಯನ್ನು ಅಚ್ಚುಕಟ್ಟಾಗಿ ನಡೆಸುವ ಹುಡುಗ. "ಹಿಂದಿನ ಕೋಣೆ ಖಾಲಿ ಮಾಡಿ, ಮಕ್ಕಳು ಕೂತು ಓದೋಕೆ ಜಾಗ ಮಾಡೋಣ. ಇದೇ ಈ ವರ್ಷದ ಗುರಿ" ಅಂದ. ಒಳ್ಳೆಯ ಗುರಿಯೇ. ಕೆಟ್ಟದ್ದಾಗಿದ್ದರೆ ಸಿಸ್ಟರಕ್ಕ ಜಗಳಕ್ಕಾದರೂ ನಿಲ್ಲಬಹುದಿತ್ತು.

ಟೀ ಆಯಿತು. ಕಪ್ಪುಗಳು ಮೇಜಿನ ಮೇಲೆ ಬಂದು ಕೂತವು. ಎಣಿಸಬೇಕು ಅನ್ನುವಷ್ಟರಲ್ಲಿ ಯಾರೋ ಕಿರುಗುಟ್ಟುವ ಫ್ಯಾನಿನ ಮಾತೆತ್ತಿದರು. ಫ್ಯಾನಿನ ಮಾತೆತ್ತಿದರೆ ಈ ಸಂಘದವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸಿಸ್ಟರಕ್ಕನ ಕಣ್ಣಿಗೆ ಎಂಜಲು ಕಪ್ಪುಗಳು ಬಿದ್ದವು. ಇಷ್ಟು ವರ್ಷವೂ ಎಣಿಕೆ ಗಂಡಸರದು, ತೊಳೆಯುವುದು ಇವರದು. ತಲೆಗೆ ಹೊಳೆಯುವ ಮೊದಲೇ ಕೈ ತಟ್ಟೆಗೆ ಕಪ್ಪು ತುಂಬಿಕೊಂಡು ನಲ್ಲಿಯ ಕಡೆ ಹೊರಟಿತ್ತು.

"ಅಕ್ಕಾ, ಏನು ಮಾಡ್ತಿದ್ದೀರಿ? ಅವು ನಿಮ್ಮ ಓಟು" ಎಂದು ಕಾರ್ಯದರ್ಶಿ ಓಡಿ ಬರುವಷ್ಟರಲ್ಲಿ ತಟ್ಟೆಗೆ ಬಿದ್ದ ಮತಗಳೆಲ್ಲ ಮಿರಿಮಿರಿ ಮಿಂಚುತ್ತಿದ್ದವು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾರ್ಯದರ್ಶಿ ಧಾರಾಳಿ. "ಒದ್ದೆ ಕಪ್ಪೆಲ್ಲ ಅಕ್ಕಂದು ಅಂತ ಲೆಕ್ಕ ಹಿಡಿದ್ರೆ ಆಯ್ತಪ್ಪ" ಅಂದರು. ಮೇಜಿನ ಮೇಲೆ ಉಳಿದವಕ್ಕಿಂತ ಒದ್ದೆ ಕಪ್ಪುಗಳೇ ಹೆಚ್ಚಿದ್ದವು. ಸುಮ್ಮನಿದ್ದರೆ ಕೋಣೆ ಉಳಿಯುತ್ತಿತ್ತು. ಸುಮ್ಮನಿರಬೇಕೆಂದು ಸಿಸ್ಟರಕ್ಕನಿಗೆ ತುಂಬಾ ಅನ್ನಿಸಿತು ಕೂಡ.

"ಇಲ್ಲ, ಅವನ ಮುಂದಿನವನ್ನೂ ಒಂದಷ್ಟು ಬಾಚಿಕೊಂಡೆ. ಎಷ್ಟು ಅಂತ ಗೊತ್ತಿಲ್ಲ."

ಇನ್ನೊಮ್ಮೆ ಟೀಗೆ ನೀರಿಟ್ಟರು. ಅಳಿಯ ಒಂದು ಬಟ್ಟೆ ಹುಡುಕಿ ತಂದು, ಪಕ್ಕದಲ್ಲಿ ನಿಂತು ಕಪ್ಪು ಒರೆಸತೊಡಗಿದ.

"ಈ ಹಿಡಿ ಮುರಿದದ್ದು ಯಾರದಕ್ಕ?"

"ಅವರದು. ಈಗ ನಾನು ಕುಡೀತೀನಿ."

ಅವನು ಅದನ್ನು ಮೆಲ್ಲಗೆ ಇಟ್ಟ. "ಆ ಕೋಣೆಗೆ ಯಾವಾಗ್ಲೂ ಬೀಗ ಹಾಕಿರುತ್ತಲ್ಲ. ಯಾರಾದ್ರೂ ಕೇಳ್ಕೊಂಡು ಬರ್ತಾರಾ?"

ಯಾಕೆ ಬರುವುದಿಲ್ಲ ಎನ್ನಲು ಬಾಯಿ ತೆರೆದರು. ಕಡೆಗೆ ಬಂದವರು ಯಾರೆಂದು ನೆನಪಿಸಿಕೊಂಡರೆ ಒಂದು ಮುಖವೂ ಹೊಳೆಯಲಿಲ್ಲ. "ಮುಂಚೆ ಬರ್ತಿದ್ರು" ಅಂದರು. "ಫೋಟೋ ತೆಗೆಸೋಕೆ ಬಂದವರಿಗೆಲ್ಲ ಅವರೇ ಹೇಳ್ತಿದ್ರು." ಹೇಳುವವರು ಹೋದ ಮೇಲೆ ತಾವು ಮಾಡಿದ್ದು ಒಂದೇ ಕೆಲಸ, ವಾರಕ್ಕೊಮ್ಮೆ ಧೂಳು ಒರೆಸಿ ಬೀಗ ಹಾಕುವುದು. ಅದು ಆಗ ಮನಸ್ಸಿಗೆ ಚುರುಕ್ಕೆಂದಿತು.

ಎರಡನೆಯ ಟೀ ನೀರುನೀರಾಗಿತ್ತು. ಕುಡಿದು ಮುಗಿಸಿ, ಸಿಸ್ಟರಕ್ಕ ಗಂಡನ ಕಪ್ಪನ್ನು ಅಳಿಯನ ಮುಂದಿಟ್ಟರು. ಎಣಿಸಿದಾಗ ಅವನ ಮುಂದೆ ಒಂದೇ ಒಂದು ಕಪ್ಪು ಹೆಚ್ಚಿತ್ತು.

ಅವರು ಕೋಣೆಯ ಬೀಗದ ಕೈ ತೆಗೆದು ಕೊಟ್ಟರು. ಅಳಿಯ ಅದನ್ನು ಹಿಡಿದುಕೊಂಡೇ ನಿಂತ. "ಔಷಧಿಗೆ ಬರೋರು ದಿನಾ ನನ್ನನ್ನ ಕೇಳ್ತಾರಕ್ಕ, ಮಂಚ ಎಲ್ಲಿ ಸಿಗುತ್ತೆ, ಕುರ್ಚಿ ಎಲ್ಲಿ ಸಿಗುತ್ತೆ ಅಂತ. ಈ ಸಾಮಾನೆಲ್ಲ ನಮ್ಮ ಅಂಗಡಿ ಜಗುಲಿಗೆ ಬರಲಿ. ಇಲ್ಲಿ ಮಕ್ಕಳು ಓದ್ಲಿ. ಆದ್ರೆ ಜನರ ಹತ್ರ ಮಾತಾಡೋಕೆ ನನಗೆ ಬರಲ್ಲ. ನೀವು ಬಂದು ಕೂರಬೇಕು."

ಮಾರನೆಯ ದಿನ ಮಂಚ ಜಗುಲಿಗೆ ಬಂತು. ಖಾಲಿ ಕೋಣೆಯನ್ನು ತಿರುಗಿ ನೋಡುವ ಧೈರ್ಯ ಸಿಸ್ಟರಕ್ಕನಿಗೆ ಆಗಲಿಲ್ಲ. ಅಂಗಡಿಯ ಮುಂದೆ ಕೂತು ಇನ್ನೂ ಬೆನ್ನು ಒರಗಿಸಿರಲಿಲ್ಲ, ಮಾತ್ರೆಯ ಚೀಲ ಹಿಡಿದ ಹೆಂಗಸೊಬ್ಬಳು ಮಂಚ ಮುಟ್ಟಿ ನೋಡಿದಳು.

"ಇದು ಮಾರೋದಾ? ಅಪ್ಪನಿಗೆ ಮಲಗಿದಲ್ಲಿಂದ ಏಳೋಕೆ ಆಗ್ತಿಲ್ಲ."

"ಮಾರೋದಲ್ಲಮ್ಮ" ಅಂದರು ಸಿಸ್ಟರಕ್ಕ. "ತಗೊಂಡು ಹೋಗಿ, ವಾಸಿಯಾದ ಮೇಲೆ ತಂದಿಡಿ."

ಎಷ್ಟೋ ಕಾಲದಿಂದ ಕಿವಿಗೆ ಬೀಳದಿದ್ದ ಮಾತು. ಅದು ತಮ್ಮದೇ ಬಾಯಿಂದ, ಅವರದೇ ಧಾಟಿಯಲ್ಲಿ ಬಂದಿತ್ತು. ಸಿಸ್ಟರಕ್ಕ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು, ಮಂಚದ ತಲೆಯ ಕಡೆ ಎತ್ತುವುದು ಹೇಗೆಂದು ಅವಳಿಗೆ ತೋರಿಸಿಕೊಟ್ಟರು.