ಎರಡನೇ ಮಹಡಿಯ ಕ್ಯಾಮೆರಾ

ಸಬೀನಾ ನದಾಫಳಿಗೆ ಸಿಟ್ಟು ಬಂದರೆ ಮಾತು ನಿಂತುಬಿಡುತ್ತಿತ್ತು. ಅವಳ ಅಪ್ಪ ಅಕ್ಬರಸಾಬರು ಲಕ್ಷ್ಮೇಶ್ವರದ ಬಜಾರದಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. "ಈಕಿ ಬೈಯಂಗಿಲ್ಲ, ಸುಮ್ಮ ಕುಂಡ್ರತಾಳ. ಅದಕ್ಕ ಹೆಚ್ಚು ಅಂಜಿಕಿ ಬರ್ತೈತಿ" ಅಂತ ಅವರು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದರು.

ಬಿ.ಸಿ.ಎ. ಮುಗಿಸಿದ ಮೇಲೆ ಅವಳು ಗದಗಿಗೆ ಬಂದು ಎಥಿಕಲ್ ಹ್ಯಾಕಿಂಗ್ ಪರೀಕ್ಷೆಗೆ ಓದತೊಡಗಿದಳು. ಅದು ಎಂಥ ಓದು ಅಂತ ಅಪ್ಪ ಕೇಳಿದಾಗ, "ಕಳ್ಳ ಬರೋಕಿಂತ ಮೊದಲ ನಾವ ಹೋಗಿ ಎಲ್ಲಿ ಸಂದಿ ಐತಿ ಅಂತ ಮಾಲಕರಿಗೆ ತೋರಸೋದು, ಅಬ್ಬಾ" ಅಂದಿದ್ದಳು. ಹಾತಲಗೇರಿ ನಾಕಾದ ಹತ್ತಿರ ಕುಬೇರಪ್ಪ ಎಂಬಾತನ ಲೇಡೀಸ್ ಹಾಸ್ಟೆಲ್‌ನಲ್ಲಿ ಅವಳಿಗೆ ಜಾಗ ಸಿಕ್ಕಿತು. ಬಿಡಲು ಬಂದ ದಿನ ಅಕ್ಬರಸಾಬರು ಗೇಟಿನ ಮೇಲಿನ ಕ್ಯಾಮೆರಾ ನೋಡಿ ಸಮಾಧಾನಪಟ್ಟಿದ್ದರು. ಹುಡುಗಿಯರ ಹಾಸ್ಟೆಲ್ ಅಂದಮೇಲೆ ಇಷ್ಟಾದರೂ ಭದ್ರ ಇರಬೇಕು ಅಂತ ಕುಬೇರಪ್ಪನ ಕೈ ಹಿಡಿದು ಹೇಳಿ ಹೋಗಿದ್ದರು.

ತರಬೇತಿಯ ಮಾಸ್ತರರು ಮೊದಲ ಪಾಠದಲ್ಲೇ ಒಂದು ಮಾತನ್ನು ತಲೆಗೆ ತುಂಬಿದ್ದರು. ಒಪ್ಪಿಗೆ ಇಲ್ಲದೆ ಯಾರದೇ ನೆಟ್‌ವರ್ಕ್ ಮುಟ್ಟಿದರೆ ಕಾನೂನಿನ ಕಣ್ಣಿಗೆ ನೀವೂ ಕಳ್ಳರೇ. ಹೀಗಾಗಿ ಹಾಸ್ಟೆಲಿನ ವೈಫೈ ಮೇಲೆ ಅಭ್ಯಾಸ ಮಾಡಬೇಕೆಂದಾಗ ಸಬೀನಾ ಕುಬೇರಪ್ಪನ ಹತ್ತಿರ ಹೋಗಿ ಕೇಳಿದಳು.

"ಮಾಡವಾ ತಂಗಿ. ನೆಟ್ ಭಾಳ ಸಾವಕಾಶ ಅಂತ ಎಲ್ಲಾರೂ ಗೋಳಾಡ್ತಾರ. ಅದನ್ನೂ ಹಂಗ ನೋಡು" ಅಂದ ಕುಬೇರಪ್ಪ.

ಬಾಯಿ ಮಾತು ಸಾಲದು ಅಂತ ಅವಳು ವಾಟ್ಸಾಪಿನಲ್ಲೂ ಬರೆದಳು: ವೈಫೈಗೆ ಜೋಡಿಸಿದ ಎಲ್ಲ ಯಂತ್ರಗಳನ್ನೂ ಪರೀಕ್ಷೆ ಮಾಡಲೇ? ಕುಬೇರಪ್ಪ ಓಕೆ ಅಂತ ಉತ್ತರಿಸಿ ಜೊತೆಗೊಂದು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ.

ಅಂದು ಭಾನುವಾರ. ಬೆಳಗಿನ ಉಪ್ಪಿಟ್ಟು ಮುಗಿಸಿ, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಜಾಲದಲ್ಲಿ ಯಾವ ಯಾವ ಯಂತ್ರಗಳಿವೆ, ಅವುಗಳೊಳಗೆ ಹೋಗುವ ಯಾವ ದಾರಿಗಳು, ಅಂದರೆ ಪೋರ್ಟುಗಳು, ತೆರೆದಿವೆ ಎಂದು ಹುಡುಕುವುದೇ ಮೊದಲ ಕೆಲಸ. ಹುಡುಗಿಯರ ಫೋನುಗಳು ಕಂಡವು, ಆಫೀಸಿನ ಪ್ರಿಂಟರು ಕಂಡಿತು. ಕೊನೆಗೆ ಕ್ಯಾಮೆರಾಗಳ ಚಿತ್ರ ಕೂಡಿಡುವ ರೆಕಾರ್ಡರ್ ಸಿಕ್ಕಿತು. ಅದು ಒಳಗಿನವರಿಗಷ್ಟೇ ತೆರೆದಿರಲಿಲ್ಲ. ರೌಟರಿನಲ್ಲಿ ದಾರಿ ಮಾಡಿ ಇಡೀ ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದರು. ಪಾಸ್‌ವರ್ಡ್ ಏನಿರಬಹುದು ಅಂತ ಆ ಕಂಪನಿಯ ಕೈಪಿಡಿ ನೋಡಿದಳು. ಕಾರ್ಖಾನೆಯಿಂದ ಬಂದಾಗ ಇದ್ದದ್ದನ್ನೇ ಹೊಡೆದಳು. ತಕ್ಷಣ ಒಳಗೆ ಬಿಟ್ಟಿತು.

ಪರದೆ ನಾಲ್ಕು ಪಾಲಾಯಿತು. ಗೇಟು, ಅಡಿಗೆಮನೆಯ ಹೊರಬಾಗಿಲು, ಕೆಳಗಿನ ಮೆಟ್ಟಿಲು. ನಾಲ್ಕನೆಯದು ಎರಡನೇ ಮಹಡಿಯ ಕ್ಯಾಮೆರಾ. ಓಣಿಯಂಥ ವರಾಂಡದ ನಡುವೆ ಛತ್ತಿಗೆ ಬೋರಲು ಬಟ್ಟಲಿನಂತೆ ಕೂರಿಸಿದ್ದ ಅದಕ್ಕೆ ಕಪ್ಪು ಗಾಜಿತ್ತು. ಒಳಗಿನ ಕಣ್ಣು ಯಾವ ಕಡೆ ತಿರುಗಿದೆ ಅಂತ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಮೆಟ್ಟಿಲ ಕಡೆ ಇದೆ ಅಂತಲೇ ಎಲ್ಲರೂ ತಿಳಿದಿದ್ದರು. ಪರದೆಯಲ್ಲಿ ಮೆಟ್ಟಿಲು ಇರಲೇ ಇಲ್ಲ. ಬಚ್ಚಲುಗಳ ಸಾಲು, ಅವುಗಳ ಮುಂದೆ ಬಟ್ಟೆ ಬದಲಿಸುವ ಜಾಗ, ಗೋಡೆಯ ಕನ್ನಡಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ನೋಡುತ್ತಿರುವಾಗಲೇ ಬಚ್ಚಲ ಬಾಗಿಲು ತೆರೆಯಿತು. ಪಕ್ಕದ ಮಂಚದ ಅನ್ನಪೂರ್ಣ ಟವೆಲ್ ಸುತ್ತಿಕೊಂಡು, ಹಸಿ ಕೂದಲು ಜಾಡಿಸುತ್ತ ಹೊರಗೆ ಬಂದಳು.

ಸಬೀನಾ ಲ್ಯಾಪ್‌ಟಾಪನ್ನು ಫಟ್ ಎಂದು ಮುಚ್ಚಿದಳು.

 ತಾನು ದಿನಾ ಅದೇ ಕನ್ನಡಿಯ ಮುಂದೆ ನಿಂತು ತಲೆ ಒರೆಸಿಕೊಂಡದ್ದು, ಅವಸರ ಇದ್ದಾಗ ಅಲ್ಲೇ ಕಮೀಜು ತೊಟ್ಟದ್ದು ಒಂದೊಂದಾಗಿ ನೆನಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಲ್ಯಾಪ್‌ಟಾಪನ್ನು ಮತ್ತೆ ತೆರೆದಳು. ಚಿತ್ರಗಳ ಪುಟ ಬಿಟ್ಟು, ಯಾರು ಯಾವಾಗ ಒಳಬಂದರು ಎಂದು ಯಂತ್ರ ತಾನೇ ಬರೆದಿಡುವ ಲಾಗ್ ಪುಟಕ್ಕೆ ನೇರ ಹೋದಳು. ಬೆಳಿಗ್ಗೆ ಜಳಕದ ಹೊತ್ತಿಗೆ ನೋಡಿದವರ ಇಂಟರ್‌ನೆಟ್ ವಿಳಾಸಗಳೇ ತುಂಬಿದ್ದವು. ಒಂದು ವಿಳಾಸ ಆಫೀಸಿನದು. ಉಳಿದವು ಹೊರಗಿನವು, ಎಲ್ಲೆಲ್ಲಿಯವೋ, ಕೆಲವಂತೂ ಬೇರೆ ದೇಶದವು. ಆ ಪುಟಗಳ ಫೋಟೋ ತೆಗೆದುಕೊಂಡಳು. ಆಮೇಲೆ ಅದರೊಳಗೆ ಮತ್ತೆ ಕಾಲಿಡಲಿಲ್ಲ.

ಅನ್ನಪೂರ್ಣ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯವಳು, ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದಳು. ಕೋಣೆಗೆ ಬಂದವಳನ್ನು ಕೂರಿಸಿ ಸಬೀನಾ ಎಲ್ಲ ಹೇಳಿದಳು. ಅನ್ನಪೂರ್ಣ ಬಾಚಣಿಕೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು.

"ನಾನೂ ಕಂಡ್ನೇನು?"

"ಹೂಂ. ಈಗ. ನೀ ಹೊರಗ ಬಂದಿ, ನಾ ಮುಚ್ಚಿಬಿಟ್ಟೆ."

"ನೀನೂ ನೋಡಿದ್ಯಲ್ಲ, ಹಂಗಾದ್ರ."

"ಅನ್ನಪೂರ್ಣ, ನನಗ ಗೊತ್ತಿದ್ದಿಲ್ಲ ಅಲ್ಲಿ..."

"ಒಪ್ಪಿಗಿ ತಗೊಂಡೆ ಅಂದ್ಯಲ್ಲ, ಯಾರ ಒಪ್ಪಿಗಿ? ಅವನದು. ನನ್ನ ಕೇಳಿದ್ದೇನು?"

ಸಬೀನಾಳ ಪಠ್ಯಪುಸ್ತಕದಲ್ಲಿ ಮಾಲೀಕರ ಒಪ್ಪಿಗೆಯ ಬಗ್ಗೆ ಪುಟಗಟ್ಟಲೆ ಇತ್ತು. ಆ ಯಂತ್ರದೊಳಗೆ ಸಿಕ್ಕಿಬಿದ್ದವರ ಒಪ್ಪಿಗೆಯ ಬಗ್ಗೆ ಒಂದು ಸಾಲೂ ಇದ್ದ ನೆನಪಿಲ್ಲ. ಅನ್ನಪೂರ್ಣ ಗೋಡೆ ಕಡೆ ಮುಖ ಮಾಡಿ ಕುಳಿತಳು. ಸಬೀನಾ ಒಬ್ಬಳೇ ಕೆಳಗಿಳಿದು ಆಫೀಸಿಗೆ ಹೋದಳು.

ಆಫೀಸಿನಲ್ಲಿ ಕುಬೇರಪ್ಪನ ಜೊತೆ ಮಗ ಹೊನ್ನೇಶನೂ ಇದ್ದ. ಕ್ಯಾಮೆರಾಗಳನ್ನು ತಂದು ಹಾಕಿದವನು ಅವನೇ. ಅವಳು ಹೇಳುವುದನ್ನು ಪೂರ್ತಿ ಕೇಳುವ ಮೊದಲೇ ಅವನ ಮುಖ ಬಿಗಿಯಿತು.

"ನಮ್ಮ ರೆಕಾರ್ಡರ್ ಒಳಗ ಕೈ ಹಾಕಂತ ನಿನಗ ಯಾರು ಹೇಳಿದ್ರು?"

"ನಿಮ್ಮ ಅಪ್ಪಾರ ಹೇಳಿದ್ರು. ಎಲ್ಲಾ ಪರೀಕ್ಷಾ ಮಾಡು ಅಂದಾರ. ಅದಿರ್ಲಿ, ಆ ಕ್ಯಾಮೆರಾ ಬಚ್ಚಲ ಕಡೆ ಯಾಕ ತಿರುಗಿಸೀರಿ?"

"ಒರಸುವಾಗ ತಿರುಗಿರಬೇಕು."

"ತಿರುಗಿದ್ದು ನಿಮಗ ಕಂಡಿಲ್ಲೇನು? ದಿನಾ ಬೆಳಿಗ್ಗೆ ಈ ಆಫೀಸಿನಿಂದ ನೋಡ್ಯಾರಲ್ಲ. ಲಾಗ್‌ನ್ಯಾಗ ಐತಿ."

ಹೊನ್ನೇಶ ಎದ್ದು ನಿಂತ. "ನೀ ಮಾಡಿದ್ದು ಹ್ಯಾಕಿಂಗ್. ಕಂಪ್ಲೇಂಟ್ ಕೊಟ್ರ ನೀನ ಒಳಗ ಹೋಗ್ತಿ. ಪರೀಕ್ಷಾ ಗಿರೀಕ್ಷಾ ಎಲ್ಲಾ ಮುಗೀತು."

ಕುಬೇರಪ್ಪ ಮಗನ ಮುಖ ನೋಡಲಿಲ್ಲ. ಮೇಜಿನ ಮೇಲಿನ ಗಾಜನ್ನು ಬೆರಳಿನಿಂದ ಒರೆಸುತ್ತ ಮೆತ್ತಗೆ ಅಂದ: "ತಂಗಿ, ನಾ ನೆಟ್ ನೋಡು ಅಂದಿದ್ದೆ, ಕ್ಯಾಮೆರಾ ಅಲ್ಲ. ಈಗ ಆದದ್ದು ಆಗೇತಿ. ಸರಿ ಮಾಡಸ್ತೀನಿ. ಇದನ್ನ ಇಲ್ಲಿಗೇ ಬಿಡು. ಹೊರಗ ಬಿದ್ರ ಹೋಗೋದು ನಿಮ್ಮ ಮರ್ಯಾದಿನ." ಇಷ್ಟು ಹೇಳಿ ಫೋನ್ ತೆಗೆದು, ಅವಳ ಎದುರಿಗೇ ಅಕ್ಬರಸಾಬರಿಗೆ ಹಚ್ಚಿದ. "ಸಾಬ್ರ, ಜಲ್ದಿ ಬಂದು ನಿಮ್ಮ ಮಗಳನ್ನ ಕರ್ಕೊಂಡು ಹೋಗ್ರಿ. ಬ್ಯಾಡಾದ್ದು ಮಾಡ್ಕೊಂಡು ಕುಂತಾಳ."

ಸಿಟ್ಟಿಗೆ ಸಬೀನಾಳ ಮಾತು ನಿಂತುಬಿಟ್ಟಿತು. ಹೊರಗೆ ನಡೆದು ಬಂದಳು.

ಆದರೆ ಸುದ್ದಿ ಅವಳಿಗಿಂತ ಮೊದಲೇ ಅಡಿಗೆಮನೆಗೆ ಮುಟ್ಟಿತ್ತು. ಮುಟ್ಟಿಸಿದವಳು ಅನ್ನಪೂರ್ಣ. ಹುಡುಗಿಯರೆಲ್ಲ ಅಲ್ಲಿ ಸೇರಿದ್ದರು. ರೊಟ್ಟಿ ಬಡಿಯುವ ಕರೆವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ನಾ ದಿನಾ ಅಲ್ಲೇ ಸೀರಿ ಉಟ್ಕೊಂಡು ಕೆಲಸಕ್ಕ ಇಳೀತೀನಿ" ಅಂದಳು ಕರೆವ್ವ, ಯಾರಿಗೆ ಅಂತಿಲ್ಲದೆ. "ಮೊಮ್ಮಕ್ಕಳು ಅದಾವು ನನಗ."

ಶಿರಹಟ್ಟಿಯ ಹನಮಂತವ್ವ ಎಂಬ ಬಿ.ಎಡ್. ಓದುವ ಹುಡುಗಿ ಮೂಲೆಯಲ್ಲಿ ಮುಖ ಮುಚ್ಚಿ ಕುಳಿತಿದ್ದಳು. ಕರೆವ್ವ ಒಲೆಯ ಪಕ್ಕದ ಕಬ್ಬಿಣದ ಊದುಗೊಳವೆ ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಹುಡುಗಿಯರೆಲ್ಲ ಅವಳ ಹಿಂದೆ ನಡೆದರು. ಅದನ್ನು ಪುಡಿಪುಡಿ ಮಾಡಬೇಕೆಂಬ ಆಸೆ ಸಬೀನಾಳಿಗೂ ಎಲ್ಲರಷ್ಟೇ ಇತ್ತು. ಆದರೂ ಓಡಿ ಹೋಗಿ ಕ್ಯಾಮೆರಾದ ಕೆಳಗೆ ಅಡ್ಡ ನಿಂತಳು.

"ಒಡೀಬ್ಯಾಡ್ರಿ. ಅದು ಯಾ ಕಡೆ ತಿರುಗೇತಿ ಅನ್ನೋದ ಸಾಕ್ಷಿ. ಒಡದ್ರ, ಮೆಟ್ಟಲ ಕಡೆ ಇತ್ತು ಅಂತಾರ."

"ಸರೀ ನೀ" ಅಂದಳು ಕರೆವ್ವ. "ಇದನ್ನ ಕಾಯಾಕ ನಿಂತೀ ಏನು?"

"ಹೌದು, ಕಾಯಾಕ ನಿಂತೀನಿ."

ಒಬ್ಬಳು "ಅವರ ಕಡೆಯಾಕಿ ಈಕಿ" ಅಂದಳು. ಇನ್ನೊಬ್ಬಳು ಸಬೀನಾಳ ಭುಜ ಹಿಡಿದು ಎಳೆದಳು. ಅಷ್ಟರಲ್ಲಿ ಕೆಳಗಿನಿಂದ ಹೊನ್ನೇಶ ಏಣಿ ಹೊತ್ತು ಮೇಲೆ ಬಂದ. "ಸರೀರಿ, ತೆಗೆದು ಹಾಕ್ತೀನಿ, ನಿಮಗ ಬ್ಯಾಡಾದ್ರ ಬ್ಯಾಡ" ಅಂದ. ಅವನ ಅವಸರ ನೋಡಿದ ಕೂಡಲೇ ಎಲ್ಲರಿಗೂ ಸಬೀನಾಳ ಮಾತು ತಿಳಿಯಿತು. ಕರೆವ್ವ ಊದುಗೊಳವೆಯನ್ನು ಅವನ ಎದೆಗೆ ಹಿಡಿದಳು.

"ಇಳೀ ಕೆಳಗ. ಒಂದು ಮೆಟ್ಟಲ ಮ್ಯಾಲ ಬಂದ್ರ ನೋಡು."

ಹೊನ್ನೇಶ ಏಣಿ ಅಲ್ಲೇ ಬಿಟ್ಟು ಹಿಂದೆ ಸರಿದ. ಅನ್ನಪೂರ್ಣ ಅವನನ್ನು ದಾಟಿ ಕೆಳಗಿಳಿದು, ಆಫೀಸಿನಲ್ಲಿ ರೆಕಾರ್ಡರ್ ಇಟ್ಟಿದ್ದ ಕಪಾಟಿನ ಮುಂದೆ ಕುರ್ಚಿ ಹಾಕಿ ಕುಳಿತಳು. ಪೊಲೀಸರು ಬರುವತನಕ ಏಳುವುದಿಲ್ಲ ಅಂತ ಕುಬೇರಪ್ಪನ ಮುಖಕ್ಕೇ ಹೇಳಿದಳು. ಕರೆವ್ವ ಅದೇ ಏಣಿ ಹತ್ತಿ ಕ್ಯಾಮೆರಾಕ್ಕೆ ಜೋಳದ ಖಾಲಿ ಚೀಲ ಹೊದಿಸಿ ಹಗ್ಗ ಕಟ್ಟಿದಳು.

ಅಕ್ಬರಸಾಬರು ಸಿಕ್ಕ ಬಸ್ಸು ಹತ್ತಿ ಬಂದಾಗ ಅಂಗಿಯ ಮೇಲೆ ಹತ್ತಿಯ ಎಳೆಗಳು ಹಾಗೇ ಇದ್ದವು. ಕುಬೇರಪ್ಪ ಚಹಾ ತರಿಸಿ, ಹುಡುಗು ಬುದ್ಧಿ, ಕಂಪ್ಯೂಟರ್ ಕಲಿತು ಕೆಟ್ಟಾಳ ಎಂದೆಲ್ಲ ಹೇಳುತ್ತಿದ್ದ. ಅಕ್ಬರಸಾಬರು ಚಹಾ ಮುಟ್ಟಲಿಲ್ಲ. ಮಗಳನ್ನು ಅಂಗಳಕ್ಕೆ ಕರೆದರು.

"ಖರೆ ಹೇಳು. ಏನಾತು?"

ಅವಳು ಹೇಳಿದಳು.  "ನೀನೂ ಅದರಾಗ ಇದ್ದೀಯೇನು?" ಅಂತ ಕೇಳುವಾಗ ಅವರ ದನಿ ಒಡೆದಿತ್ತು.

"ನಾನೂ ಅಲ್ಲೇ ಜಳಕಾ ಮಾಡ್ತೀನಲ್ಲ, ಅಬ್ಬಾ."

"ಕಂಪ್ಲೇಂಟ್ ಕೊಡಬೇಕು. ಕೊಡಸ್ತೀನಿ. ಆದ್ರ ನಿನ್ನ ಹೆಸರು ಬ್ಯಾಡ ಬೇಟಾ. ಬ್ಯಾರೆ ಯಾರರೆ ಬರೀಲಿ."

ಸಬೀನಾಳಿಗೆ ಆ ದಿನ ಬಂದ ಸಿಟ್ಟುಗಳಲ್ಲೆಲ್ಲ ಇದೇ ದೊಡ್ಡದು. ಈ ಸಲ ಮಾತು ನಿಲ್ಲಲಿಲ್ಲ. "ಬ್ಯಾರೆಯವರ ಮಗಳ ಹೆಸರು ಹಾಕಬಹುದು, ನಿಮ್ಮ ಮಗಳದು ಬ್ಯಾಡ. ಹಂಗೇನು? ಕುಬೇರಪ್ಪ ಕಾಕಾನೂ ಇದನ್ನ ಅಂದ. ಮರ್ಯಾದಿ ನಮ್ಮದು ಹೋಗತೈತಂತ. ನೋಡಿದವರದು ಎಲ್ಲೂ ಹೋಗಂಗಿಲ್ಲ."

ಆಫೀಸಿನ ಕಿಟಕಿಯಿಂದ ಅನ್ನಪೂರ್ಣ ಅಂದಳು, "ನನ್ನ ಹೆಸರು ಮೊದಲ ಬರೀರಿ, ಕಾಕಾ. ಆಕಿದು ಆಮ್ಯಾಲ."

ಅಕ್ಬರಸಾಬರು ಇಬ್ಬರನ್ನೂ ಒಂದು ಸಲ ನೋಡಿ, ಮಗಳನ್ನು ಪೊಲೀಸ್ ಠಾಣೆಗೆ ಕರೆದೊಯ್ಯಲು ಆಟೋ ಕರೆದು ತಂದರು.

ಇಬ್ಬರ ಹೆಸರಿನಲ್ಲೂ ಕೊಟ್ಟ ದೂರಿನ ಮೇಲೆ ಪೊಲೀಸರು ಬಂದು ರೆಕಾರ್ಡರನ್ನೂ ಕ್ಯಾಮೆರಾವನ್ನೂ ತೆಗೆದುಕೊಂಡು ಹೋದರು. ನೀನು ಒಳಗೆ ಹೇಗೆ ಹೋದೆ ಅಂತ ಸಬೀನಾಳನ್ನು ಒಂದೇ ಪ್ರಶ್ನೆ ತಿರುಗಿಸಿ ಮುರುಗಿಸಿ ಕೇಳಿದರು. ಅವಳು ಕುಬೇರಪ್ಪನ ಸಂದೇಶ ತೋರಿಸಿದಳು. ಹೊನ್ನೇಶನ ಬಂಧನವಾಯಿತು, ಕೆಲವು ದಿನಕ್ಕೆ ಜಾಮೀನಿನ ಮೇಲೆ ಹೊರಗೆ ಬಂದ, ಕೇಸು ನಡೆದಿದೆ. ಹೊರಗಿನಿಂದ ನೋಡಿದ ಉಳಿದವರು ಯಾರು, ಏನೇನು ಉಳಿಸಿಕೊಂಡಿದ್ದಾರೆ ಎಂಬುದು ಗೊತ್ತಾಗಲಿಲ್ಲ. ವಿಳಾಸ ಸಿಕ್ಕರೂ ಅದರ ಹಿಂದಿನ ಮನುಷ್ಯ ಸಿಗುವುದು ಕಷ್ಟ ಅಂತ ತನಿಖೆಯ ಅಧಿಕಾರಿಯೇ ಹೇಳಿದರು. ಅದು ಯಾಕೆ ಕಷ್ಟ ಅಂತ ಸಬೀನಾಳಿಗೆ ಅವರಷ್ಟೇ ತಿಳಿದಿತ್ತು. ತಿಳಿದಿದ್ದಕ್ಕೇ ಹೆಚ್ಚು ಉರಿಯುತ್ತಿತ್ತು.

ಹಾಸ್ಟೆಲ್ ಮುಚ್ಚಿತು. ಕರೆವ್ವನಿಗೆ ಒಂದು ಖಾನಾವಳಿಯಲ್ಲಿ ಕೆಲಸ ಸಿಕ್ಕಿತು. ಸಬೀನಾ ಮತ್ತು ಅನ್ನಪೂರ್ಣ ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದರು. ಹನಮಂತವ್ವನನ್ನು ಮಾತ್ರ ಅಣ್ಣ ಬಂದು ಶಿರಹಟ್ಟಿಗೆ ಕರೆದುಕೊಂಡು ಹೋದ. ಕಾಲೇಜು ಬಿಡಿಸಿದ್ದಾನೆ ಎಂಬ ಖಬರ ಬಂತು. ಒಂದು ರಜೆಯ ದಿನ ಇಬ್ಬರೂ ಬಸ್ಸು ಹತ್ತಿ ಅವಳ ಮನೆಗೆ ಹೋದರು.

ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಕುಂಡ್ರಿ ಅಂದ, ನೀರು ಕೊಡಿಸಿದ. ಆಮೇಲೆ ಸಬೀನಾಳ ಕಡೆ ತಿರುಗಿ, "ನೀವು ಸುಮ್ನಿದ್ದಿದ್ರ ಆಗತಿತ್ತು" ಅಂದ.

"ಸುಮ್ನಿದ್ದಿದ್ರ ಅವರು ಇನ್ನೂ ನೋಡ್ತಿದ್ರು ಅಣ್ಣಾರ."

"ನೋಡ್ತಿದ್ರು. ನಮಗ ಗೊತ್ತಿರತಿರಲಿಲ್ಲಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅದು ಸಬೀನಾಳಿಗೆ ಕಂಡಿತು. ಕಂಡರೂ ಸಿಟ್ಟು ಇಳಿಯಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಹನಮಂತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ನನಗ ಗೊತ್ತಾಗಬೇಕಿತ್ತು, ಅಣ್ಣಾ" ಅಂದಳು. "ನಿನಗ ಬ್ಯಾಡಾಗಿದ್ರ ಬ್ಯಾಡ. ನನಗ ಗೊತ್ತಾಗಬೇಕಿತ್ತು. ತಪ್ಪು ಮಾಡಿದಾವ ಜಾಮೀನ ಮ್ಯಾಲ ಹೊರಗ ಅಡ್ಡಾಡ್ತಾನ. ನಾ ಯಾಕ ಒಳಗ ಕುಂತೀನಿ ಹೇಳು."

ಅಣ್ಣ ಕಟ್ಟೆಯಿಂದ ಇಳಿದು ಹೊರಗೆ ಹೋದ. ಆ ದಿನ ಹನಮಂತವ್ವ ಅವರ ಜೊತೆ ಬರಲಿಲ್ಲ. ಬಸ್ಸಿನಲ್ಲಿ ಸಬೀನಾ ಮುಖ ತಿರುಗಿಸಿಕೊಂಡು ಕಿಟಕಿಗೆ ಹಣೆ ಒತ್ತಿ ಕುಳಿತಳು. ಅನ್ನಪೂರ್ಣ ಅವಳ ಚೀಲವನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು.

ಮುಂದಿನ ವಾರದಿಂದ ಹನಮಂತವ್ವ ದಿನಾ ಶಿರಹಟ್ಟಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರತೊಡಗಿದಳು. ಮೊದಮೊದಲು ಅಣ್ಣನೇ ಸ್ಟ್ಯಾಂಡಿನತನಕ ಬಂದು ಬಿಟ್ಟು ಹೋಗುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಸಬೀನಾ ಹುಬ್ಬಳ್ಳಿಗೆ ಹೋಗಿ ತನ್ನ ಪರೀಕ್ಷೆ ಬರೆದಳು, ಪಾಸೂ ಆದಳು. ಈಗ ಯಾವುದೇ ಹಾಸ್ಟೆಲ್ ಪರೀಕ್ಷೆ ಮಾಡಲು ಕರೆ ಬಂದರೆ, ಮಾಲೀಕರ ಸಹಿಯ ಜೊತೆಗೆ ಅಲ್ಲಿರುವ ಹುಡುಗಿಯರನ್ನೆಲ್ಲ ಸೇರಿಸಿ ಅವರನ್ನೂ ಕೇಳುತ್ತಾಳೆ. ಅದು ಯಾಕೆ ಬೇಕು ಅಂತ ತಕರಾರು ಮಾಡುವ ಮಾಲೀಕರ ಕೆಲಸವನ್ನು ಅವಳು ಒಪ್ಪಿಕೊಳ್ಳುವುದಿಲ್ಲ.